ಎಳೆಯುವುದು ಬೇರೆ, ಹೊರುವುದು ಬೇರೆ: ಒಂದು ಫಿಫ್ತ್ ವೀಲ್ ಟ್ರೇಲರ್‌ನ ಪ್ರಕರಣ

ಹಿನ್ನೆಲೆ

ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿರುವ ಕನ್ನಡದ ದಂಪತಿ. ಇಬ್ಬರಿಗೂ ಐವತ್ತು ದಾಟಿದೆ, ಮಕ್ಕಳು ಬೇರೆ ಊರುಗಳಲ್ಲಿದ್ದಾರೆ. ಯಜಮಾನರದ್ದು ಎಲ್ಲಿ ಕೂತಾದರೂ ಮಾಡಬಹುದಾದ ಕಂಪ್ಯೂಟರ್ ಕೆಲಸ. ಡಲ್ಲಾಸ್ ಹೊರವಲಯದ ಮನೆಯನ್ನು ಬಾಡಿಗೆಗೆ ಕೊಟ್ಟು ಒಂದೆರಡು ವರ್ಷ ಟ್ರೇಲರ್‌ನಲ್ಲೇ ಸಂಸಾರ ಮಾಡುವುದು, ಬಿಸಿಲುಗಾಲವನ್ನು ಕೊಲೊರಾಡೊದಲ್ಲಿ ಕಳೆಯುವುದು ಅವರ ಯೋಜನೆಯಾಗಿತ್ತು. ಗುರುತು ಸಿಗಬಾರದೆಂದು ಹೆಸರು, ವಾಹನದ ಕಂಪನಿ, ಮಾದರಿ ಎಲ್ಲವನ್ನೂ ಇಲ್ಲಿ ಬಿಟ್ಟಿದೆ.

ಫಿಫ್ತ್ ವೀಲ್ ಎಂದರೆ ಪಿಕಪ್ ಟ್ರಕ್ಕಿನ ಹಿಂದಿನ ಬಂಪರ್‌ಗೆ ಸಿಕ್ಕಿಸುವ ಟ್ರೇಲರ್ ಅಲ್ಲ. ನಮ್ಮ ಹೆದ್ದಾರಿಗಳಲ್ಲಿ ಓಡುವ ಕಂಟೇನರ್ ಲಾರಿಯ ಜೋಡಣೆಯೇ ಇಲ್ಲಿಯೂ ಇರುವುದು. ಟ್ರೇಲರ್‌ನ ಮುಂಭಾಗ ಪಿಕಪ್ಪಿನ ತೊಟ್ಟಿಯ ಮೇಲೆ ಚಾಚಿಕೊಂಡಿರುತ್ತದೆ. ಅದರ ಅಡಿಯಿಂದ ಇಳಿದ ಎರಡು ಇಂಚು ದಪ್ಪದ ಕಿಂಗ್‌ಪಿನ್, ಹಿಂದಿನ ಆಕ್ಸಲ್‌ನ ನೇರಕ್ಕೆ ಕೂರಿಸಿದ ಹಿಚ್‌ನ, ಅಂದರೆ ಕೊಂಡಿಯ, ದವಡೆಯೊಳಗೆ ಸೇರಿಕೊಳ್ಳುತ್ತದೆ. ಭಾರ ಆಕ್ಸಲ್ ಮೇಲೆಯೇ ಬೀಳುವುದರಿಂದ ಬಂಪರ್ ಟ್ರೇಲರ್‌ನಷ್ಟು ಬಾಲ ಅಲ್ಲಾಡಿಸುವುದಿಲ್ಲ. ಆದರೆ ಟ್ರೇಲರ್‌ನ ಒಟ್ಟು ತೂಕದ ಶೇ. 15ರಿಂದ 25ರಷ್ಟು ನೇರವಾಗಿ ಟ್ರಕ್ಕಿನ ಬೆನ್ನಿಗೇರುತ್ತದೆ. ಇದಕ್ಕೆ ಪಿನ್ ತೂಕ ಎನ್ನುತ್ತಾರೆ. ಈ ಪ್ರಕರಣದ ಅರ್ಧ ತಾಪತ್ರಯ ಈ ಪಿನ್ ತೂಕದ್ದೇ.

ಅವರು ಕೊಂಡದ್ದು 34 ಅಡಿಯ ಹಳೇ ಟ್ರೇಲರ್. ತುಂಬಿದಾಗ ಇರಬಹುದಾದ ಗರಿಷ್ಠ ತೂಕ 14,000 ಪೌಂಡ್, ಅಂದರೆ ಸುಮಾರು 6,350 ಕಿಲೋ. ಖಾಲಿ ತೂಕ 11,200 ಪೌಂಡ್. 6,000 ಪೌಂಡ್ ತಾಳುವ ಎರಡು ಆಕ್ಸಲ್. ಎಳೆಯಲು ಆಗಲೇ ಇದ್ದದ್ದು ಮುಕ್ಕಾಲು ಟನ್ ವರ್ಗದ (ಅದು ರೂಢಿಯ ಹೆಸರು, ಹೊರುವ ಭಾರದ ಅಳತೆಯಲ್ಲ) ಡೀಸೆಲ್ ಪಿಕಪ್, ಗಿಡ್ಡ ತೊಟ್ಟಿಯದು. ಟ್ರಕ್ಕಿನ ಕೈಪಿಡಿ ಪ್ರಕಾರ ಅದು 16,000 ಪೌಂಡ್‌ಗೂ ಮೀರಿ ಎಳೆಯಬಲ್ಲದು. ಡೀಲರ್ ಬಳಿಯ ಲೆಕ್ಕ ಎರಡೇ ಸಾಲಿನಲ್ಲಿ ಮುಗಿದಿತ್ತು: ಟ್ರೇಲರ್ 14,000, ಟ್ರಕ್ 16,000, ಸರಿ. ಬ್ರೋಷರ್‌ನಲ್ಲಿರುವ ಪಿನ್ ತೂಕ 1,950, ಟ್ರಕ್ಕಿನ ಪೇಲೋಡ್, ಅಂದರೆ ಅದು ಹೊರಬಲ್ಲ ಭಾರ, 2,140, ಅದೂ ಸರಿ.

ಎರಡನೆಯ ಸಾಲಿನಲ್ಲಿ ಎರಡು ತಪ್ಪುಗಳಿದ್ದವು. ಬ್ರೋಷರ್‌ನ ಪಿನ್ ತೂಕ ಖಾಲಿ ಟ್ರೇಲರ್‌ನದ್ದು. ಇನ್ನು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಹಳದಿ ಚೀಟಿಯ ಪೇಲೋಡ್‌ನಲ್ಲಿ ಜನ, ಹಿಚ್, ತೊಟ್ಟಿಯಲ್ಲಿಟ್ಟ ಸಾಮಾನು, ಪಿನ್ ತೂಕ ಎಲ್ಲವೂ ಸೇರಿಯೇ 2,140ರೊಳಗೆ ಇರಬೇಕು. ಇಬ್ಬರ ತೂಕ 330, ಹಿಚ್ 160, ಟೂಲ್‌ಬಾಕ್ಸ್ ಮತ್ತು ಚಿಲ್ಲರೆ ಸಾಮಾನು 240. ಪಿನ್ ಇಳಿಯುವ ಮೊದಲೇ 730 ಪೌಂಡ್ ಖರ್ಚಾಗಿತ್ತು. ಉಳಿದದ್ದು 1,410. ಖಾಲಿ ಟ್ರೇಲರ್‌ನ ಪಿನ್ ತೂಕಕ್ಕೇ ಅದು ಸಾಲದು.

ಡೀಸೆಲ್ ಎಂಜಿನ್ ಇದ್ದರೆ ಟ್ರಕ್ ಗಟ್ಟಿ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಆ ಎಂಜಿನ್ನೇ ಭಾರದ್ದು. ಮುಕ್ಕಾಲು ಟನ್ ವರ್ಗದ ಬಹಳಷ್ಟು ಟ್ರಕ್ಕುಗಳ ಒಟ್ಟು ತೂಕದ ಮಿತಿ 10,000 ಪೌಂಡ್‌ಗೆ ಕಟ್ಟಿರುವುದರಿಂದ ಎಂಜಿನ್ ತೂಕ ಹೆಚ್ಚಿದಷ್ಟೂ ಪೇಲೋಡ್ ಇಳಿಯುತ್ತದೆ. ಎಳೆಯುವ ತಾಕತ್ತು ಏರಿದ ಹಾಗೆಯೇ ಹೊರುವ ತಾಕತ್ತು ಕಡಿಮೆಯಾಗುತ್ತದೆ.

ಟೈರ್ ಸಿಡಿದದ್ದು

ಜುಲೈ ತಿಂಗಳ ಮಧ್ಯಾಹ್ನ. ಡಲ್ಲಾಸ್ ಕಡೆಯಿಂದ ಅಮರಿಲೊಗೆ ಹೋಗುವ 287ನೇ ಹೆದ್ದಾರಿ, ಚಿಲ್ಡ್ರೆಸ್ ದಾಟಿ ಕ್ಲಾರೆಂಡನ್‌ಗೆ ಮೊದಲು. ವೇಗ ಗಂಟೆಗೆ 72 ಮೈಲಿ. ಟ್ರಕ್ಕಿನೊಳಗೆ ಏನೂ ಗೊತ್ತಾಗಲಿಲ್ಲ. ಫಿಫ್ತ್ ವೀಲ್‌ನಲ್ಲಿ ಹೀಗೇ ಆಗುತ್ತದೆ: ಭಾರ ಟ್ರಕ್ಕನ್ನು ಒತ್ತಿ ಹಿಡಿದಿರುವಾಗ ಹಿಂದೆ ಒಂದು ಚಕ್ರ ಹೋದರೂ ಸ್ಟಿಯರಿಂಗ್‌ಗೆ ಸುದ್ದಿ ಮುಟ್ಟುವುದಿಲ್ಲ. ಕನ್ನಡಿಯಲ್ಲಿ ಕಂಡದ್ದು ಪತ್ನಿಗೆ. "ರೀ, ಹಿಂದೆ ಏನೋ ಕರ್ರಗೆ ಹಾರ್ತಿದೆ ನೋಡಿ" ಎಂದರು.

ಆ ಕ್ಷಣದಲ್ಲಿ ಯಜಮಾನರು ಮಾಡಿದ್ದು ಸರಿಯಾಗಿತ್ತು. ಬ್ರೇಕ್ ತುಳಿಯಲಿಲ್ಲ. ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು, ರಸ್ತೆಯಂಚು ಅಗಲವಾಗಿರುವ ಕಡೆ ನಿಲ್ಲಿಸಿದರು. ಸಿಡಿದದ್ದು ಎಡಗಡೆಯ ಹಿಂದಿನ ಟೈರ್, ಅಂದರೆ ವಾಹನಗಳು ಹಾದುಹೋಗುವ ಬದಿಯದು. ಅಲ್ಲಿ ಕೂತು ತಾವೇ ಸ್ಟೆಪ್ನಿ ಹಾಕಲು ಹೋಗಲಿಲ್ಲ. ರಸ್ತೆಬದಿ ನೆರವಿಗೆ ಫೋನ್ ಮಾಡಿ, ಬೇಲಿಯ ಆಚೆ ಹೋಗಿ ನಿಂತರು.

ಟೈರಿನ ಮೇಲ್ಪದರ ಸುಲಿದು, ಅದರೊಳಗಿನ ಉಕ್ಕಿನ ತಂತಿಪಟ್ಟಿ ಚಾಟಿಯಂತೆ ಬೀಸಿದ ಗುರುತು ಎಲ್ಲೆಡೆ ಇತ್ತು. ಚಕ್ರದ ಮೇಲಿನ ತಗಡು ಹರಿದಿತ್ತು. ಟ್ರೇಲರ್‌ನ ಅಡಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಒಂದು ಗಜದಷ್ಟು ಕಿತ್ತು ಜೋತಾಡುತ್ತಿತ್ತು. ಬಚ್ಚಲು ನೀರಿನ ತೊಟ್ಟಿಯ ಕೊಳವೆ ಬಿರುಕುಬಿಟ್ಟಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಆ ಆಕ್ಸಲ್‌ನ ಬ್ರೇಕಿಗೆ ಹೋಗುವ ವೈರ್ ತುಂಡಾಗಿತ್ತು. ಇದನ್ನು ನೋಡದೆ ಬರೀ ಟೈರ್ ಬದಲಿಸಿ ಹೊರಟಿದ್ದರೆ, ಮುಂದಿನ ಇಳಿಜಾರಿನಲ್ಲಿ ಟ್ರೇಲರ್‌ನ ಅರ್ಧ ಬ್ರೇಕ್ ಇಲ್ಲದೆ ಇಳಿಯುತ್ತಿದ್ದರು.

ಬಂದ ಮೆಕ್ಯಾನಿಕ್ ಸ್ಟೆಪ್ನಿ ಹಾಕಿ, "ಒಂದು ಟೈರ್ ಕೊಂಡ್ಕೊಳ್ಳಿ ಸಾಕು" ಎಂದರು. ಅಮರಿಲೊ ತನಕ ಗಂಟೆಗೆ 50 ಮೈಲಿಯಲ್ಲಿ ಹೋದರು. ಅಲ್ಲಿ ಸುಧಾರಿಸಿಕೊಂಡ ಮೇಲೆ ಉಳಿದ ಮೂರು ಟೈರುಗಳ ಪಕ್ಕದ ಗೋಡೆ ಓದಿದರು. ಅಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಟೈರುಗಳಿಗೆ ಏಳು ವರ್ಷವಾಗಿತ್ತು. ಗಟ್ಟೆ, ಅಂದರೆ ರಸ್ತೆಗೆ ತಾಗುವ ಗೀರುಗಳ ಮೈ, ಹೊಸದರಂತೆಯೇ ಇತ್ತು, ಏಕೆಂದರೆ ಹಿಂದಿನ ಮಾಲೀಕರು ಹೆಚ್ಚು ಓಡಿಸಿರಲಿಲ್ಲ. ಟ್ರೇಲರ್ ಟೈರ್ ಸವೆದು ಸಾಯುವುದು ಅಪರೂಪ. ಬಿಸಿಲಿನಲ್ಲಿ ನಿಂತು ನಿಂತು ರಬ್ಬರ್ ಒಳಗಿಂದ ಒಣಗುತ್ತದೆ. ಐದು-ಆರು ವರ್ಷಕ್ಕೆ ಗಟ್ಟೆ ನೋಡದೆ ಬದಲಿಸಬೇಕು.

ಎರಡನೆಯದು ಗಾಳಿ. ಹೊರಡುವ ಮುನ್ನ ಟ್ರಕ್ಕಿಗೂ ಟ್ರೇಲರ್‌ಗೂ ಒಟ್ಟಿಗೆ ಗಾಳಿ ತುಂಬಿಸಿದ್ದರು. ತುಂಬಿದವರು ಟ್ರಕ್ಕಿನ ಬಾಗಿಲಿನ ಚೀಟಿ ನೋಡಿ ಎಲ್ಲಕ್ಕೂ 65 ಪಿಎಸ್‌ಐ ಹಾಕಿದ್ದರು. ಟ್ರೇಲರ್‌ನ ಟೈರ್ ಎಸ್‌ಟಿ235/80ಆರ್16 (ಎಸ್‌ಟಿ ಎಂದರೆ ಟ್ರೇಲರ್‌ಗೆಂದೇ ಮಾಡಿದ್ದು), ಲೋಡ್ ರೇಂಜ್ ಎಂಬ ಭಾರದ ದರ್ಜೆ ಇ. ಅದು 80 ಪಿಎಸ್‌ಐ ಇದ್ದಾಗ 3,520 ಪೌಂಡ್ ಹೊರುತ್ತದೆ. 65ಕ್ಕೆ ಇಳಿಸಿದರೆ ಹೊರುವುದು 3,040ರ ಆಸುಪಾಸು. ಗಾಳಿ ಕಡಿಮೆಯಾದಾಗ ಪಕ್ಕದ ಗೋಡೆ ಸುತ್ತುಸುತ್ತಿಗೂ ಮಡಚಿ ಬಿಚ್ಚಿ ಕಾವೇರುತ್ತದೆ. ಅದರ ಮೇಲೆ ಜುಲೈನ ಡಾಂಬರು, 72 ಮೈಲಿ ವೇಗ. ಬೇರೆ ಗುರುತಿಲ್ಲದ ಎಸ್‌ಟಿ ಟೈರುಗಳನ್ನು ರೂಢಿಯಲ್ಲಿ 65 ಮೈಲಿಗೆಂದೇ ಲೆಕ್ಕ ಹಾಕುತ್ತಾರೆ. ರಸ್ತೆಯ ಫಲಕ 75ಕ್ಕೆ ಅನುಮತಿ ಕೊಟ್ಟರೂ ಟೈರ್ ಕೊಡುವುದಿಲ್ಲ.

ವೇಬ್ರಿಡ್ಜ್ ಚೀಟಿ

ಇಲ್ಲಿಗೆ ಕಾರಣ ಸಿಕ್ಕಿತು ಎಂದು ನಾಲ್ಕು ಹೊಸ ಟೈರ್ ಹಾಕಿಸಿ ಹೊರಡಬಹುದಿತ್ತು. ಬಹುತೇಕರು ಹಾಗೇ ಮಾಡುತ್ತಾರೆ. ಈ ದಂಪತಿ ಟೈರ್ ಅಂಗಡಿಗೆ ಹೋಗುವ ಮೊದಲು ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಮೇಲೆ ಹತ್ತಿದರು. ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಆ ವೇಬ್ರಿಡ್ಜ್‌ನಲ್ಲಿ ಬೇರೆ ಬೇರೆಯಾಗಿ ತೂಗುವ ಹಲಗೆಗಳಿರುತ್ತವೆ. ಟ್ರಕ್ಕಿನ ಮುಂದಿನ ಚಕ್ರ ಒಂದರ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೇಲರ್‌ನ ಚಕ್ರಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಬೇಕು. ಒಂದು ಸಲ ಜೋಡಿಯಾಗಿ ತೂಗಿ, ಟ್ರೇಲರನ್ನು ಪಾರ್ಕಿಂಗ್‌ನಲ್ಲಿ ಬಿಚ್ಚಿಟ್ಟು, ಟ್ರಕ್ಕನ್ನು ಮಾತ್ರ ಮತ್ತೊಮ್ಮೆ ತೂಗಬೇಕು. ಜನ, ಡೀಸೆಲ್, ಸಾಮಾನು ಎರಡೂ ಸಲ ಹಾಗೇ ಇರಬೇಕು. ಎರಡನೆಯ ತೂಕಕ್ಕೆ ಶುಲ್ಕವೂ ಕಡಿಮೆ.

ಟ್ರಕ್ ಒಂದೇ ಇದ್ದಾಗ ಮುಂದೆ 4,860, ಹಿಂದೆ 3,730, ಒಟ್ಟು 8,590 ಪೌಂಡ್. ಟ್ರೇಲರ್ ಸಿಕ್ಕಿಸಿದಾಗ ಮುಂದೆ 4,800, ಹಿಂದೆ 6,690, ಟ್ರೇಲರ್ ಚಕ್ರಗಳ ಮೇಲೆ 11,560. ಟ್ರಕ್ಕಿನ ಎರಡು ಮೊತ್ತಗಳನ್ನು ಕಳೆದರೆ ಪಿನ್ ತೂಕ 2,900 ಪೌಂಡ್. ಬ್ರೋಷರ್ ಹೇಳಿದ್ದಕ್ಕಿಂತ 950 ಹೆಚ್ಚು. ಪಿನ್ ತೂಕವನ್ನು ಸೇರಿಸಿದರೆ ಟ್ರೇಲರ್ 14,460.

ಅಂದರೆ ಟ್ರಕ್ ತನ್ನ 10,000ದ ಮಿತಿಯನ್ನು 1,490 ಪೌಂಡ್, ಸುಮಾರು 675 ಕಿಲೋ, ಮೀರಿತ್ತು. ಹಿಂದಿನ ಆಕ್ಸಲ್ ತನ್ನ 6,200ರ ಮಿತಿಯನ್ನು 490 ಮೀರಿತ್ತು. ಟ್ರೇಲರ್ ತನ್ನ ಮಿತಿಯನ್ನು 460 ಮೀರಿತ್ತು. ಮೀರದೆ ಉಳಿದದ್ದು ಡೀಲರ್ ತೋರಿಸಿದ ಲೆಕ್ಕ ಮಾತ್ರ: ಎಳೆಯುವ ಸಾಮರ್ಥ್ಯ 16,000, ಜೋಡಿಯ ಒಟ್ಟು ಮಿತಿ 24,500, ಚೀಟಿಯಲ್ಲಿ ಬಂದದ್ದು 23,050. ಎಂಜಿನ್ ಒಂದು ಸಲವೂ ಏದುಸಿರು ಬಿಡದಿದ್ದದ್ದು ಅದಕ್ಕೇ. ಓಡಿಸುವವರಿಗೆ ಗೊತ್ತಾಗುವುದು ಎಂಜಿನ್ನಿನ ಕಷ್ಟ ಮಾತ್ರ. ಆಕ್ಸಲ್, ಬೇರಿಂಗ್, ಟೈರುಗಳ ಕಷ್ಟ ಮುರಿಯುವ ತನಕ ಗೊತ್ತಾಗುವುದಿಲ್ಲ.

ಟೈರಿನ ಮಟ್ಟಿಗೆ ಒಂದು ಪ್ರಶ್ನೆ ಉಳಿದಿತ್ತು. 11,560ನ್ನು ನಾಲ್ಕರಿಂದ ಭಾಗಿಸಿದರೆ ಟೈರಿಗೆ 2,890. ಅರವತ್ತೈದು ಪಿಎಸ್‌ಐನಲ್ಲೂ ಹೊರಬಹುದಾದ ಭಾರ. ಹಾಗಾದರೆ ಎಡ ಹಿಂಬದಿಯದೇ ಏಕೆ ಹೋಯಿತು? ಕ್ಯಾಟ್ ಸ್ಕೇಲ್ ಟ್ರೇಲರ್‌ನ ನಾಲ್ಕೂ ಚಕ್ರಗಳನ್ನು ಒಟ್ಟಿಗೆ ತೂಗುತ್ತದೆ, ಬಿಡಿಯಾಗಿ ತೋರಿಸುವುದಿಲ್ಲ. ಚಕ್ರಕ್ಕೊಂದು ತಟ್ಟೆ ಇಟ್ಟು ತೂಗುವವರು ಬೇರೆ ಇದ್ದಾರೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿರುವ, ಟ್ರೇಲರ್ ವಾಸಿಗಳ ಎಸ್ಕೇಪೀಸ್ ಕ್ಲಬ್‌ನ ಸ್ಮಾರ್ಟ್‌ವೇ ಎಂಬ ತೂಕದ ಸೇವೆ ಅಂಥದ್ದು. ಇವರಿಗೆ ಅಂಥ ತಟ್ಟೆಗಳಿದ್ದ ಒಬ್ಬ ತಂತ್ರಜ್ಞರು ಸಿಕ್ಕರು. ಬಲ ಮುಂದೆ 2,590, ಎಡ ಮುಂದೆ 2,960, ಬಲ ಹಿಂದೆ 2,770, ಎಡ ಹಿಂದೆ 3,240.

ಎಡಬದಿಯಲ್ಲಿ ಅಡುಗೆಮನೆಯ ಸ್ಲೈಡ್, ಅಂದರೆ ನಿಂತಾಗ ಹೊರಕ್ಕೆ ಚಾಚುವ ಭಾಗ, ಇತ್ತು: ಫ್ರಿಜ್, ಒಲೆ, ಕಪಾಟಿನ ತುಂಬ ಅಕ್ಕಿ-ಬೇಳೆ, ವೆಟ್ ಗ್ರೈಂಡರ್. ಹಿಂದಿನ ಆಕ್ಸಲ್‌ಗೆ ಭಾರ ಬೀಳಲು ಕಾರಣ ಟ್ರೇಲರ್‌ನ ಮೂಗು ಮೂರು ಇಂಚು ಮೇಲೆದ್ದು ನಿಂತದ್ದು. ಈಗಿನ ಪಿಕಪ್‌ಗಳು ಎತ್ತರ. ಹಿಚ್ ಎತ್ತರವಾದಷ್ಟೂ ಟ್ರೇಲರ್ ಹಿಂದಕ್ಕೆ ವಾಲುತ್ತದೆ. 65 ಪಿಎಸ್‌ಐಗೆ 3,040 ಹೊರುವ ಟೈರಿನ ಮೇಲೆ 3,240 ಇತ್ತು. ಸರಾಸರಿ ಲೆಕ್ಕದಲ್ಲಿ ಮರೆಯಾಗಿದ್ದು ಇಷ್ಟು.

ಮೊದಲ ಉಪಾಯ

ಪತ್ನಿಯ ತಮ್ಮ ಹ್ಯೂಸ್ಟನ್‌ನಲ್ಲಿದ್ದಾರೆ, ದೋಣಿ ಎಳೆದು ಅಭ್ಯಾಸವಿರುವವರು. "ಏರ್ ಸ್ಪ್ರಿಂಗ್ ಹಾಕ್ಸಿಬಿಡಿ ಭಾವ, ಹಿಂಭಾಗ ಎದ್ದು ನಿಲ್ಲತ್ತೆ" ಎಂದು ಅವರು ಫೋನಿನಲ್ಲಿ ಹೇಳಿದರು. ಲೀಫ್ ಸ್ಪ್ರಿಂಗ್‌ಗೂ ಚಾಸಿಗೂ ನಡುವೆ ಕೂರಿಸಿ ಗಾಳಿ ತುಂಬುವ ರಬ್ಬರ್ ಚೀಲಗಳು ಅವು. ಟ್ರಕ್ಕಿನ ಹಿಂಭಾಗ ಕುಸಿದಿದ್ದು ಕಣ್ಣಿಗೆ ಕಾಣುತ್ತಿತ್ತು, ಉಪಾಯವೂ ಅಗ್ಗವಾಗಿತ್ತು. ಹಾಕಿಸಿದರು.

ಟ್ರಕ್ ನೆಟ್ಟಗಾಯಿತು. ಮತ್ತೆ ತೂಗಿದಾಗ ಹಿಂದಿನ ಆಕ್ಸಲ್ ಮೇಲೆ 6,680. ಹತ್ತು ಪೌಂಡ್ ವ್ಯತ್ಯಾಸ, ಅದು ಸುಟ್ಟ ಡೀಸೆಲ್ ಇದ್ದೀತು. ಗಾಳಿಚೀಲ ಎತ್ತರವನ್ನು ಬದಲಿಸುತ್ತದೆ, ತೂಕವನ್ನಲ್ಲ. ಆಕ್ಸಲ್, ಹಬ್, ರಿಮ್, ಟೈರ್ ಹೊರುವುದು ಅದೇ ಭಾರವನ್ನು, ತಯಾರಕರ ಮಿತಿಯೂ ಅದೇ. ಜೊತೆಗೆ ಹೊಸದೊಂದು ತೊಂದರೆ ಬಂತು: ಟ್ರಕ್ಕಿನ ಹಿಂಭಾಗ ಎದ್ದಾಗ ಟ್ರೇಲರ್‌ನ ಮೂಗು ಇನ್ನೂ ಒಂದೂವರೆ ಇಂಚು ಮೇಲೇರಿತು. ಹಿಂದಿನ ಟೈರುಗಳ ಹೊರೆ ಇಳಿಯಬೇಕಾದದ್ದು ಏರಿತು.

ಹಿಚ್ ತಲೆಯನ್ನು ಒಂದು ರಂಧ್ರ ಕೆಳಗಿಳಿಸಿ ನೋಡಿದರು. ಆಗ ತೊಟ್ಟಿಯ ಅಂಚಿಗೂ ಟ್ರೇಲರ್‌ನ ಅಡಿಗೂ ನಡುವಿನ ಸಂದು ನಾಲ್ಕೂವರೆ ಇಂಚಿಗೆ ಇಳಿಯಿತು. ಕನಿಷ್ಠ ಐದೂವರೆ, ಆರಿದ್ದರೆ ಒಳ್ಳೆಯದು. ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಟ್ರಕ್ ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ವಾಲಿದರೆ ತೊಟ್ಟಿಯ ಅಂಚು ನೇರ ಟ್ರೇಲರ್‌ಗೆ ತಾಗಿ ಮಡಚುತ್ತದೆ. ಮತ್ತೆ ಮೊದಲಿನ ರಂಧ್ರಕ್ಕೇ ಏರಿಸಿದರು.

ಇಳಿಸಿದ್ದು, ಬದಲಿಸಿದ್ದು

ಮೊದಲು ಟ್ರೇಲರ್‌ನ ತೂಕ ಇಳಿಯಬೇಕಿತ್ತು. ನೀರಿನಿಂದ ಶುರು ಮಾಡಿದರು. ಒಂದು ಗ್ಯಾಲನ್ ನೀರು 8.33 ಪೌಂಡ್. ಅವರ 60 ಗ್ಯಾಲನ್ ತೊಟ್ಟಿ ತುಂಬಿಸಿಕೊಂಡೇ ಓಡುತ್ತಿತ್ತು. ಹೋಗುವ ಕಡೆ ನಲ್ಲಿ ಇರುವಾಗ ದಾರಿಗೆ 15 ಗ್ಯಾಲನ್ ಸಾಕು. 375 ಪೌಂಡ್ ಇಳಿಯಿತು. ಎಂದೂ ಹಚ್ಚದ ಜನರೇಟರ್ 205, ಪುಸ್ತಕದ ಪೆಟ್ಟಿಗೆಗಳು 240, ಒರಗು ಕುರ್ಚಿಗಳು 180, ಎರಡೆರಡಿದ್ದ ಉಪಕರಣಗಳು 160. ಒಟ್ಟು 1,160 ಪೌಂಡ್. ಗ್ರೈಂಡರ್ ಇಳಿಸಲು ಪತ್ನಿ ಒಪ್ಪಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಬಲಬದಿಯ ಕಪಾಟಿಗೆ ಹೋಯಿತು, ಅಕ್ಕಿ ಮೂಟೆಗಳೂ ಹಿಂದೆಯೇ ಹೋದವು.

ಎಲ್ಲಿಂದ ಇಳಿಸುತ್ತೇವೆ ಎಂಬುದೂ ಮುಖ್ಯ. ಫಿಫ್ತ್ ವೀಲ್‌ನ ದೊಡ್ಡ ಸಾಮಾನು ಗೂಡು ಮುಂಭಾಗದ ಹೊಟ್ಟೆಯಲ್ಲಿರುತ್ತದೆ, ಅಲ್ಲಿ ತುರುಕಿದ್ದರ ಹೆಚ್ಚಿನ ಪಾಲು ಪಿನ್ ಮೇಲೆ ಬೀಳುತ್ತದೆ. ಹಾಗೆಂದು ಎಲ್ಲವನ್ನೂ ಹಿಂದಕ್ಕೆ ತಳ್ಳಿದರೆ ಪಿನ್ ತೂಕ ಶೇ. 15ಕ್ಕಿಂತ ಕೆಳಗಿಳಿದು ಟ್ರೇಲರ್ ಹೊಯ್ದಾಡಲು ತೊಡಗುತ್ತದೆ. ಇಲ್ಲಿ ಸಾಮಾನು ಇಳಿಸಿದ ಮೇಲೆ ಟ್ರೇಲರ್ 13,300, ಪಿನ್ 2,660, ಸರಿಯಾಗಿ ಶೇ. 20.

ಆದರೂ ಹಳೇ ಟ್ರಕ್ಕಿಗೆ ಲೆಕ್ಕ ಕೂಡಲಿಲ್ಲ. 2,660ರ ಮೇಲೆ 730 ಸೇರಿದರೆ 3,390, ಪೇಲೋಡ್ 2,140. ಚಿಕ್ಕ ಟ್ರೇಲರ್ ಅಥವಾ ದೊಡ್ಡ ಟ್ರಕ್, ಮೂರನೆಯ ದಾರಿ ಇರಲಿಲ್ಲ. ಮನೆ ಬಾಡಿಗೆಗೆ ಹೋಗಿಯಾಗಿತ್ತು, ಟ್ರೇಲರ್ ಇಷ್ಟವೂ ಆಗಿತ್ತು. ಟ್ರಕ್ ಬದಲಿಸಲು ನಿರ್ಧರಿಸಿದರು.

ಒಂದು ಟನ್ ವರ್ಗದಲ್ಲಿ ಎರಡು ಆಯ್ಕೆ. ಹಿಂದೆ ನಾಲ್ಕು ಚಕ್ರಗಳಿರುವ ಡ್ಯೂಲಿ ಆದರೆ ಪೇಲೋಡ್ 5,000 ದಾಟುತ್ತದೆ, ಒಂದು ಟೈರ್ ಹೋದರೂ ಪಕ್ಕದ್ದು ಹೊರುತ್ತದೆ. ಆದರೆ ಅದರ ಒಟ್ಟು ಮಿತಿ 14,000, ಟ್ರೇಲರ್‌ನದ್ದೂ 14,000. ಟೆಕ್ಸಸ್‌ನಲ್ಲಿ ಜೋಡಿಯ ಮಿತಿ 26,000 ದಾಟಿ, ಎಳೆಯುವ ಟ್ರೇಲರ್‌ನದ್ದು 10,000ಕ್ಕಿಂತ ಹೆಚ್ಚಿದ್ದರೆ, ಸ್ವಂತ ಬಳಕೆಗೂ ಕ್ಲಾಸ್ ಎ ಲೈಸೆನ್ಸ್ ಬೇಕು. ಸಾಮಾನ್ಯ ಕಾರಿನ ಲೈಸೆನ್ಸ್ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ ನಿಯಮವೇ ಬೇರೆ, ಅಲ್ಲಿ 10,000 ಪೌಂಡ್ ದಾಟಿದ ಫಿಫ್ತ್ ವೀಲ್‌ಗೆ ಲೈಸೆನ್ಸ್ ಮೇಲೆ ಹೆಚ್ಚುವರಿ ಅನುಮೋದನೆ, 15,000 ದಾಟಿದರೆ ಕ್ಲಾಸ್ ಎ. ಇಬ್ಬರೂ ಓಡಿಸುವವರು, ಇಬ್ಬರೂ ಪರೀಕ್ಷೆ ಕೊಡಬೇಕಾಗುತ್ತಿತ್ತು. ಅಗಲದ ಡ್ಯೂಲಿಯನ್ನು ಊರೊಳಗೆ ದಿನಸಿಗೆ ಒಯ್ಯಲು ಪತ್ನಿಗೆ ಮನಸ್ಸಿರಲಿಲ್ಲ. ಅವರು ಆರಿಸಿದ್ದು ಹಿಂದೆ ಎರಡೇ ಚಕ್ರದ ಒಂದು ಟನ್ ಟ್ರಕ್, ಎಂಟು ಅಡಿ ತೊಟ್ಟಿ. ಒಟ್ಟು ಮಿತಿ 11,900, ಟ್ರೇಲರ್‌ನದ್ದು ಸೇರಿದರೂ 26,000ದ ಒಳಗೇ. ಹಳದಿ ಚೀಟಿಯ ಪೇಲೋಡ್ 3,910. ಟೂಲ್‌ಬಾಕ್ಸ್ ಹಗುರ ಮಾಡಿದ ಮೇಲೆ ಹೊರೆ 3,250. ಉಳಿಕೆ 660 ಪೌಂಡ್.

ನಮ್ಮ ಅಭಿಪ್ರಾಯದಲ್ಲಿ ಈ ಉಳಿಕೆ ಸಾಕು, ಧಾರಾಳವಲ್ಲ. ನೆಂಟರು ಇಬ್ಬರು ಹಿಂದಿನ ಸೀಟಿನಲ್ಲಿ ಕೂತರೆ ಅರ್ಧ ಕರಗುತ್ತದೆ. ಪೇಲೋಡ್ ಸಂಖ್ಯೆಯನ್ನು ಇಂಟರ್ನೆಟ್‌ನಲ್ಲಿ ನೋಡಿ ಟ್ರಕ್ ಕೊಳ್ಳಬಾರದು. ಒಂದೇ ಮಾದರಿಯಲ್ಲಿ ಸನ್‌ರೂಫ್, ನಾಲ್ಕು ಚಕ್ರ ಚಾಲನೆ, ಸೀಟು ಬದಲಾದರೆ ನೂರಾರು ಪೌಂಡ್ ಹೆಚ್ಚುಕಡಿಮೆಯಾಗುತ್ತದೆ. ಕೊಳ್ಳುವ ಗಾಡಿಯ ಬಾಗಿಲು ತೆರೆದು ಅದರದೇ ಚೀಟಿ ಓದಬೇಕು.

ಟೈರುಗಳನ್ನು ನಾಲ್ಕಕ್ಕೆ ನಾಲ್ಕೂ ಬದಲಿಸಿದರು. ಸಿಡಿದ ಟೈರಿನ ಪಕ್ಕದ್ದು ನಿಲ್ಲಿಸುವ ತನಕ ಇಬ್ಬರ ಭಾರ ಹೊತ್ತಿರುತ್ತದೆ, ಹೊರಗೆ ಏನೂ ಕಾಣದಿದ್ದರೂ ಅದನ್ನು ನಂಬಬಾರದು. ಹೊಸದು ಅದೇ ಅಳತೆಯ ಲೋಡ್ ರೇಂಜ್ ಜಿ: 110 ಪಿಎಸ್‌ಐಗೆ 4,400 ಪೌಂಡ್. ಹಾಕುವ ಮೊದಲು ರಿಮ್ಮಿನ ಹಿಂಬದಿ ಓದಿದರು. 110 ಪಿಎಸ್‌ಐ, 3,750 ಪೌಂಡ್ ಎಂದು ಅಚ್ಚಾಗಿತ್ತು. ರಿಮ್ 80ಕ್ಕೆ ನಿಂತಿದ್ದರೆ ಜಿ ಟೈರ್ ಹಾಕಿ ಪ್ರಯೋಜನವಿರಲಿಲ್ಲ. ರಬ್ಬರಿನ ವಾಲ್ವ್ ಅಷ್ಟು ಒತ್ತಡ ತಾಳುವುದಿಲ್ಲವೆಂದು ನಟ್ ಬಿಗಿಯುವ ಲೋಹದ ವಾಲ್ವ್ ಹಾಕಿಸಿದರು. ಅದರ ಮೇಲೆ ಗಾಳಿಯ ಒತ್ತಡ, ಕಾವು ತೋರಿಸುವ ಸೆನ್ಸರ್ ಕೂತಿದೆ. ಗಾಳಿ ಸೋರಿದರೆ ಅದು ಕೂಗುತ್ತದೆ. ಮೇಲ್ಪದರ ಸುಲಿಯುವುದನ್ನು ಮುಂಚಿತವಾಗಿ ಹೇಳುವ ಖಾತರಿ ಇಲ್ಲ, ಹಾಗಾಗಿ ಬಂಕಿನಲ್ಲಿ ನಿಂತಾಗಲೆಲ್ಲ ಗಟ್ಟೆಯ ಮೇಲೆ ಕೈಯಾಡಿಸಿ ಉಬ್ಬು ನೋಡುವುದು ತಪ್ಪಿಲ್ಲ. ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಟ್ರೇಲರ್ ಕೈಪಿಡಿ ಹೇಳಿದಷ್ಟೇ ಬಿಗಿದು, 10, 25, 50 ಮೈಲಿಗೆ ಮತ್ತೆ ನೋಡಿದರು. ಆಕ್ಸಲ್‌ನ ಆಧಾರಗಳ ಅಡಿಗೆ ಎರಡು ಇಂಚಿನ ಉಕ್ಕಿನ ಕಟ್ಟು ಕೊಡಿಸಿದ್ದರಿಂದ ಟ್ರೇಲರ್‌ನ ಮೂಗು ಬಹುತೇಕ ಸಮಕ್ಕೆ ಬಂತು. ಒಟ್ಟು ಎತ್ತರವೂ ಏರಿತು. ಛಾವಣಿಯ ಏಸಿಯ ತುದಿಗೆ ಅಳೆದಾಗ 13 ಅಡಿ 4 ಇಂಚು. ಅದನ್ನು ಬರೆದು ಡ್ಯಾಶ್‌ಬೋರ್ಡ್‌ಗೆ ಅಂಟಿಸಿದರು. ಪೂರ್ವದ ಬಹಳಷ್ಟು ರಾಜ್ಯಗಳಲ್ಲಿ ಮಿತಿ 13 ಅಡಿ 6 ಇಂಚು.

ತಪಾಸಣೆಯಲ್ಲಿ ಸಿಕ್ಕಿದ್ದು

ತುಂಡಾದ ವೈರ್ ಜೋಡಿಸಿದ ಮೇಲೆ ಬ್ರೇಕ್ ಪರೀಕ್ಷೆ ಮಾಡಿದರು. ಟ್ರೇಲರ್ ಟ್ರಕ್ಕಿನಿಂದ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯಲು ಒಂದು ಸ್ವಿಚ್ ಇರುತ್ತದೆ. ಅದರ ತಂತಿ ಟ್ರಕ್ಕಿಗೆ ಕಟ್ಟಿರುತ್ತದೆ, ಎಳೆದೊಡನೆ ಪಿನ್ ಕಿತ್ತು ಟ್ರೇಲರ್‌ನ ಬ್ಯಾಟರಿಯಿಂದ ಕರೆಂಟ್ ಬ್ರೇಕಿಗೆ ಹರಿಯುತ್ತದೆ. ಏಳು ಪಿನ್ನಿನ ಕೇಬಲ್ ಬಿಚ್ಚಿ (ಇಲ್ಲದಿದ್ದರೆ ಟ್ರಕ್ಕಿನ ಕಂಟ್ರೋಲರ್ ಕೆಡಬಹುದು) ಆ ಪಿನ್ ಎಳೆದರು. ಬ್ರೇಕ್ ಹಿಡಿಯಲೇ ಇಲ್ಲ. ಬ್ಯಾಟರಿ ಚೆನ್ನಾಗಿತ್ತು, ಸ್ವಿಚ್ಚೂ ಸರಿ ಇತ್ತು. ಹಿಂದಿನವರು ಬ್ಯಾಟರಿ ಇಳಿಯದಿರಲೆಂದು ಹಾಕಿಸಿದ್ದ ಮುಖ್ಯ ಸ್ವಿಚ್ ಆರಿಸಿತ್ತು; ಬ್ರೇಕ್‌ನ ವೈರ್ ಅದರ ನಂತರ ಬರುತ್ತಿತ್ತು. ಎಂದರೆ ಅದುವರೆಗೂ ಟ್ರೇಲರ್ ಕಳಚಿದ್ದರೆ ತಡೆಯುವುದು ಏನೂ ಇರಲಿಲ್ಲ. ವೈರನ್ನು ನೇರ ಬ್ಯಾಟರಿಗೆ ಫ್ಯೂಸ್ ಹಾಕಿ ಕೊಡಿಸಿದರು. ತುರ್ತು ಬ್ರೇಕನ್ನು ಪಿನ್ ಎಳೆದೇ ಪರೀಕ್ಷಿಸಬೇಕು, ನೋಡಿದರೆ ತಿಳಿಯುವುದಿಲ್ಲ. ಕೆಲವು ಸೆಕೆಂಡ್ ಸಾಕು, ಹೆಚ್ಚು ಹೊತ್ತು ಬಿಟ್ಟರೆ ಬ್ರೇಕಿನೊಳಗಿನ ವಿದ್ಯುತ್ ಮ್ಯಾಗ್ನೆಟ್ ಸುಡುತ್ತದೆ.

ಹೊಸ ಟ್ರಕ್ಕಿಗೆ ಮೊದಲ ಸಲ ಸಿಕ್ಕಿಸುವಾಗ ಇನ್ನೊಂದು ಗಂಡಾಂತರ ತಪ್ಪಿತು. ಹಿಂದೆ ಸರಿಸುವ ಮುನ್ನ ಟ್ರೇಲರ್‌ನ ಕಿಂಗ್‌ಪಿನ್ ಸುತ್ತಲಿನ ತಟ್ಟೆ ಹಿಚ್‌ನ ತಟ್ಟೆಗಿಂತ ಅರ್ಧ ಇಂಚು ಕೆಳಗಿರಬೇಕು. ಆಗ ಹಿಚ್‌ನ ತಟ್ಟೆ ತಾನೇ ಅದನ್ನೆತ್ತಿಕೊಂಡು ಒಳಸರಿಯುತ್ತದೆ. ಹಳೇ ಟ್ರಕ್ಕಿನ ಎತ್ತರದ ಅಭ್ಯಾಸದಲ್ಲಿ ಟ್ರೇಲರನ್ನು ಎತ್ತರಕ್ಕೆ ನಿಲ್ಲಿಸಿದ್ದರು. ದವಡೆ ಮುಚ್ಚಿದ ಸದ್ದು ಬಂತು, ಹಿಡಿಕೆ ಮುಕ್ಕಾಲು ಒಳಗೆ ಹೋಯಿತು. ಕಿಂಗ್‌ಪಿನ್ನಿನ ತುದಿ ಮಾತ್ರ ದವಡೆಯ ಮೇಲೆ ಕೂತಿತ್ತು. ಟ್ರೇಲರ್‌ನ ಮುಂಭಾಗವನ್ನು ಹೊತ್ತು ನಿಲ್ಲುವ ಕಾಲುಗಳನ್ನು ಪೂರ್ತಿ ಮಡಚಲು ಪತ್ನಿ ಬಿಡಲಿಲ್ಲ. ನೆಲದಿಂದ ಒಂದಿಂಚು ಬಿಟ್ಟು, ಚಕ್ರಕ್ಕೆ ಅಡೆ ಕೊಟ್ಟು, ಟ್ರೇಲರ್ ಬ್ರೇಕನ್ನು ಕೈಯಲ್ಲಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದೆ ಎಳೆಯಿರಿ ಎಂದರು. ಪಿನ್ ಜಾರಿ ಹೊರಬಂತು, ಟ್ರೇಲರ್ ಒಂದಿಂಚು ಇಳಿದು ಕಾಲಿನ ಮೇಲೆ ನಿಂತಿತು. ಕಾಲು ಮಡಚಿದ್ದರೆ ಎರಡು ಸಾವಿರ ಪೌಂಡ್‌ಗೂ ಹೆಚ್ಚು ಭಾರ ತೊಟ್ಟಿಯ ಅಂಚುಗಳ ಮೇಲೆ ಬೀಳುತ್ತಿತ್ತು. ಈಗ ಎಳೆದು ನೋಡುವುದಕ್ಕೂ ಮೊದಲು ಟಾರ್ಚ್ ಬಿಟ್ಟು ಎರಡು ತಟ್ಟೆಗಳ ನಡುವೆ ಬೆಳಕು ತೂರುತ್ತದೆಯೇ ನೋಡುತ್ತಾರೆ. ತೂರಿದರೆ ಸಿಕ್ಕಿಲ್ಲ.

ಕೊಲೊರಾಡೊಗೆ ಹೋಗುವ ದಾರಿಯಲ್ಲಿ 7,834 ಅಡಿ ಎತ್ತರದ ರೇಟನ್ ಘಟ್ಟ ತಂಟೆಯಿಲ್ಲದೆ ದಾಟಿತು: ತುದಿಯಲ್ಲೇ ಗೇರ್ ಇಳಿಸಿ, ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ, ವೇಗ ಏರಿದಾಗ ಕಾಲಿನ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ತುಳಿದು ಬಿಡುವುದು, ಉದ್ದಕ್ಕೂ ಒತ್ತಿ ಹಿಡಿಯದಿರುವುದು.

ನಿಂತ ಮೇಲೆ

ಕೊಲೊರಾಡೊದಲ್ಲಿ ಟ್ರೇಲರ್‌ಗಳು ತಂಗುವ ಒಂದು ಪಾರ್ಕ್‌ನಲ್ಲಿ ತಿಂಗಳ ಬಾಡಿಗೆಗೆ ನಿಂತರು. ಅಕ್ಟೋಬರ್ ಚಳಿಗೆ ಎರಡು ಹೀಟರ್ ಹಚ್ಚಿದರು, ಒಂದೊಂದೂ 1,500 ವಾಟ್, ಅಂದರೆ 120 ವೋಲ್ಟಿಗೆ ಹನ್ನೆರಡೂವರೆ ಆಂಪಿಯರ್. ಹೊರಗಿನ ಕಂಬದಿಂದ 50 ಆಂಪಿಯರ್ ಸಂಪರ್ಕ ಇತ್ತು, ಲೆಕ್ಕಕ್ಕೆ ಏನೂ ಹೆಚ್ಚಲ್ಲ. ಆದರೆ ರಾತ್ರಿ ಮತ್ತೆ ಮತ್ತೆ ಕರೆಂಟ್ ಹೋಗತೊಡಗಿತು. ಕಂಬ ಮತ್ತು ಟ್ರೇಲರ್ ನಡುವೆ ಹಾಕಿದ್ದ ರಕ್ಷಕ ಪೆಟ್ಟಿಗೆ, ವೋಲ್ಟೇಜ್ 104ಕ್ಕಿಂತ ಇಳಿದಾಗ ತಾನೇ ಕಡಿದು ಹಾಕುತ್ತಿತ್ತು. ಪಾರ್ಕ್‌ನಲ್ಲಿದ್ದ ಒಬ್ಬರು, ಆ ಪೆಟ್ಟಿಗೆ ಕೆಟ್ಟಿದೆ, ತೆಗೆದು ನೇರ ಕೊಡಿ ಎಂದರು. ಯಜಮಾನರು ತೆಗೆಯುವ ಮುನ್ನ ಬ್ರೇಕರ್ ಆರಿಸಿ ಪ್ಲಗ್ ಕಿತ್ತು ನೋಡಿದರು. ನಾಲ್ಕು ಅಲಗುಗಳಲ್ಲಿ ಒಂದು ಕಂದು ತಿರುಗಿತ್ತು, ಬುಡದ ಪ್ಲಾಸ್ಟಿಕ್ ಮೆತ್ತಗಾಗಿತ್ತು. ಕಂಬದ ಸಾಕೆಟ್ ಸಾವಿರ ಸಲ ಸಿಕ್ಕಿಸಿ ಕಿತ್ತು ಸಡಿಲವಾಗಿದ್ದು, ಸಂದಿಯಲ್ಲಿ ಕಾವೇರಿ ವೋಲ್ಟೇಜ್ ಬೀಳುತ್ತಿತ್ತು. ಪಾರ್ಕ್‌ನವರು ಸಾಕೆಟ್ ಬದಲಿಸಿದರು, ಇವರು ಪ್ಲಗ್ ಬದಲಿಸಿದರು. ಅದೇ ಸಡಿಲ ನ್ಯೂಟ್ರಲ್ ಅಲಗಿಗೆ ಬಂದು ಪೂರ್ತಿ ಬಿಟ್ಟುಹೋಗಿದ್ದರೆ, 50 ಆಂಪಿಯರ್ ಸಂಪರ್ಕದಲ್ಲಿ 120 ವೋಲ್ಟಿನ ಉಪಕರಣಗಳ ಮೇಲೆ 240ರ ತನಕ ಏರಿ ಎಲ್ಲ ಸುಟ್ಟುಹೋಗುತ್ತಿತ್ತು. ಹೀಟರ್‌ಗಳು ಈಗ ಬೇರೆ ಬೇರೆ ಸರ್ಕ್ಯೂಟ್‌ನಲ್ಲಿ, ಅರ್ಧ ಶಕ್ತಿಯಲ್ಲಿ ಓಡುತ್ತವೆ. ಟ್ರೇಲರ್‌ನ ಗೋಡೆಯ ಸಾಕೆಟ್‌ಗಳಲ್ಲಿ ವೈರನ್ನು ಸ್ಕ್ರೂ ಬಿಗಿಯದೆ ಒತ್ತಿ ಕೂರಿಸಿರುತ್ತಾರೆ. ಇಡೀ ರಾತ್ರಿ ಹನ್ನೆರಡು ಆಂಪಿಯರ್ ಎಳೆದರೆ ಅವು ಬಿಸಿಯಾಗುತ್ತವೆ.

ಪ್ಲಗ್ ಬದಲಿಸಲು ಬಂದ ಎಲೆಕ್ಟ್ರಿಷಿಯನ್‌ಗೆ ಇನ್ನೊಂದು ಕಣ್ಣಿಗೆ ಬಿತ್ತು: ಛಾವಣಿಯ ಹೊಗೆ ಅಲಾರಂನಲ್ಲಿ ಬ್ಯಾಟರಿ ಇರಲಿಲ್ಲ. ದಿನಾ ಒಗ್ಗರಣೆಗೆ ಒಂದು ಸಲ, ಊದುಬತ್ತಿಗೆ ಒಂದು ಸಲ ಕೂಗುತ್ತದೆಂದು ತೆಗೆದಿಟ್ಟಿದ್ದರು. ಅಡುಗೆಮನೆ ಮತ್ತು ಮಲಗುವ ಮಂಚದ ನಡುವೆ ಹದಿನೈದು ಅಡಿ ಇಲ್ಲದ ಜಾಗದಲ್ಲಿ, ಗೋಡೆಯೊಳಗೆ ಪ್ರೊಪೇನ್ ಕೊಳವೆ ಇರುವಲ್ಲಿ, ಇಡೀ ಪ್ರಕರಣದಲ್ಲಿ ಪ್ರಾಣಕ್ಕೆ ಅತಿ ಹತ್ತಿರ ಬಂದ ಅಪಾಯ ಇದೇ ಎಂದು ನಮಗನಿಸುತ್ತದೆ. ಸಿಡಿದ ಟೈರಿಗಿಂತಲೂ. ಬೆಳಕಿನ ಕಿರಣದಿಂದ ಹೊಗೆ ಹಿಡಿಯುವ ಫೋಟೊಎಲೆಕ್ಟ್ರಿಕ್ ಅಲಾರಂ ಹಾಕಿಸಿದರು. ಹುರಿದ ಹೊಗೆಗೆ ಅದು ಅಷ್ಟು ಬೇಗ ಎಗರುವುದಿಲ್ಲ, ಕೂಗಿದರೂ ಕೆಲವು ನಿಮಿಷ ಸುಮ್ಮನಾಗಿಸುವ ಗುಂಡಿ ಇದೆ. ಸ್ಥಳವನ್ನು ಒಲೆಯಿಂದ ದೂರ, ಮಲಗುವ ಕೋಣೆಯ ಬಾಗಿಲ ಬಳಿಗೆ ಸರಿಸಿದರು. ಬಾಣಲೆ ಇಡುವ ಮೊದಲು ಛಾವಣಿಯ ಫ್ಯಾನ್ ಮತ್ತು ಒಂದು ಕಿಟಕಿ ತೆರೆಯುತ್ತಾರೆ. ಗ್ಯಾಸ್ ಉರಿದರೆ ನೀರಾವಿಯೂ ಬರುವುದರಿಂದ ಹಾಸಿಗೆಯ ಅಡಿ ಬೂಸ್ಟು ಹಿಡಿಯುವುದೂ ಇದರಿಂದ ಕಡಿಮೆಯಾಯಿತು.

ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತಂಗುತ್ತದೆ. ಅದರ ಅಲಾರಂ ನೆಲದ ಬಳಿ ಇರುವುದು ಅದಕ್ಕೆ. ಇವರದರ ಮುಂದೆ ಚಪ್ಪಲಿ ಸ್ಟ್ಯಾಂಡ್ ಇತ್ತು, ಸರಿಸಿದರು. ಹಿಂಬದಿಯ ಮೇಲೆ ಅಚ್ಚಾಗಿದ್ದ ಅವಧಿ ಮುಗಿದಿತ್ತು. ಹೊಸದನ್ನು ಹಾಕಿ, ಸಿಲಿಂಡರ್‌ನಿಂದ ಒಲೆಯ ತನಕ ಕೈಗೆ ಸಿಗುವ ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿದರು. ರೆಗ್ಯುಲೇಟರ್ ಬಳಿ ಒಂದು ಕಡೆ ಗುಳ್ಳೆ ಎದ್ದಿತು, ಮೆದುಕೊಳವೆ ಬದಲಾಯಿತು. ಓಡುವಾಗ ಎರಡೂ ಸಿಲಿಂಡರ್ ಬಂದ್.

ನವೆಂಬರ್‌ನಲ್ಲಿ ದಕ್ಷಿಣಕ್ಕೆ ಹೊರಡುವ ಮುನ್ನ ಮತ್ತೊಮ್ಮೆ ತೂಗಿದರು. ಟ್ರೇಲರ್ 13,520. ನಾಲ್ಕು ತಿಂಗಳ ಸಂಸಾರದಲ್ಲಿ 220 ಪೌಂಡ್ ಸೇರಿಕೊಂಡಿತ್ತು, ಹೆಚ್ಚಿನದು ದಿನಸಿ ಮತ್ತು ಚಳಿ ಬಟ್ಟೆ, ಅದೂ ಮತ್ತೆ ಎಡಗಡೆಯ ಕಪಾಟಿನಲ್ಲೇ. ಅಕ್ಕಿ ಮೂಟೆಗಳು ಎರಡನೆಯ ಸಲ ಬಲಕ್ಕೆ ಹೋದವು.